ಹೂಂ ಅನ್ನುವ ಕೆಲಸ

ಟೀವಿಯಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ ಎಂದರೆ ಈಗ ಯಾರೂ ನಂಬುವುದಿಲ್ಲ. ನಂಬಿದವರು "ಏನು ಕೆಲಸ ಸಾರ್?" ಎಂದು ಕೇಳುತ್ತಾರೆ. ಅಲ್ಲಿಗೆ ನನ್ನ ಹೆಮ್ಮೆಯೆಲ್ಲ ಇಳಿದುಹೋಗುತ್ತದೆ. ನಾನು ಸುದ್ದಿ ಓದಿದವನಲ್ಲ, ನಟಿಸಿದವನಲ್ಲ, ಹಾಡಿದವನಂತೂ ಅಲ್ಲವೇ ಅಲ್ಲ. ಒಬ್ಬ ಮಹಾ ಮಾತುಗಾರನ ಪಕ್ಕದ ಕುರ್ಚಿಯಲ್ಲಿ ಕೂತು, ಅವನು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ "ಹೂಂ" ಅನ್ನುತ್ತಿದ್ದೆ. ಅಷ್ಟೇ. ಪಿರಿಯಾಪಟ್ಟಣದ ಜೂನಿಯರ್ ಕಾಲೇಜೊಂದರಲ್ಲಿ ನಾನು ಹಗಲಿಡೀ ಹೇಳುತ್ತಿದ್ದ ಚರಿತ್ರೆಯ ಪಾಠ ಯಾರಿಗೂ ನೆನಪಿಲ್ಲ. ರಾತ್ರಿ ಅಂದ ಹೂಂ ಮಾತ್ರ ತಾಲೂಕಿನ ಅರ್ಧ ಜನಕ್ಕೆ ಗೊತ್ತಿತ್ತು. ಇದನ್ನು ನೆನೆದಾಗ ನಗು ಬರಬೇಕು. ಬರುವುದಿಲ್ಲ.

ಹೂಂ ಅನ್ನುವುದೇನು ಮಹಾ ಎಂದು ನೀವು ಕೇಳಬಹುದು. ಒಂದು ಗಂಟೆ ಅಂದು ನೋಡಿ. ಬೇಗ ಅಂದರೆ ಹೇಳುವವನಿಗೆ ಅವಸರ ಮಾಡಿದ ಹಾಗಾಗುತ್ತದೆ. ತಡವಾಗಿ ಅಂದರೆ ನಿದ್ದೆ ಬಂದಿದೆ ಎಂದು ಅವನಿಗೆ ಗುಮಾನಿ. ಬ್ಯಾಂಕಿನ ಮ್ಯಾನೇಜರ್ ಅನ್ನುವ ಹೂಂ ಒಂದಿದೆ, ಅದು ನಾಳೆ ಬನ್ನಿ ಎಂಬರ್ಥದ್ದು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅನ್ನುವ ಹೂಂ ಇನ್ನೊಂದು, ಅದನ್ನು ಕೇಳಿದವನು ಆ ರಾತ್ರಿ ಊಟ ಮಾಡುವುದಿಲ್ಲ. ಗಂಡಂದಿರು ಪೇಪರಿನ ಹಿಂದಿನಿಂದ ಅನ್ನುವ ಹೂಂ ಮೂರನೆಯದು, ಅದಕ್ಕೆ ಅರ್ಥವೇ ಇಲ್ಲ. ಕಥೆ ಕೇಳುವವರ ಹೂಂ ಇದ್ಯಾವುದೂ ಅಲ್ಲ. 'ನಾನಿದ್ದೇನೆ, ಹೇಳು' ಎನ್ನುವುದು ಅದರ ಅರ್ಥ. ನನ್ನ ಹೆಂಡತಿ ಮಾತ್ರ ಇಷ್ಟೆಲ್ಲ ವಿಂಗಡಣೆ ಒಪ್ಪುತ್ತಿರಲಿಲ್ಲ. "ಮನೇಲಿ ನಾನು ಹೇಳಿದ್ದಕ್ಕೆ ಒಂದು ಹೂಂ ಅನ್ನಕ್ಕೆ ನಿಮಗೆ ಬಾಯಿ ನೋವು, ಅಲ್ಲಿ ಹೋಗಿ ಬಿಟ್ಟಿ ಅಂದ್ಕೊಂಡು ಬರ್ತೀರಿ" ಎನ್ನುತ್ತಿದ್ದಳು. ಅದಕ್ಕೂ ನಾನು ಹೂಂ ಅನ್ನುತ್ತಿದ್ದೆ.

ಚರಿತ್ರೆಯ ಮೇಷ್ಟ್ರಾಗಿ ಒಂದು ಮಾತು ಹೇಳಿಬಿಡುತ್ತೇನೆ, ಸಹಿಸಿಕೊಳ್ಳಿ. ನಮ್ಮ ಕಡೆ ಎಷ್ಟೋ ಊರಿನಲ್ಲಿ ಕಲ್ಲಿನ ಶಾಸನಗಳಿವೆ. ದಾನ ಕೊಟ್ಟ ರಾಜನ ಹೆಸರಿರುತ್ತದೆ, ಪಡೆದವನ ಹೆಸರಿರುತ್ತದೆ, ಬರೆದವನ ಹೆಸರು, ಒಮ್ಮೊಮ್ಮೆ ಕೆತ್ತಿದವನ ಹೆಸರೂ ಇರುತ್ತದೆ. ಅದನ್ನು ಊರ ಮುಂದೆ ಗಟ್ಟಿಯಾಗಿ ಓದಿದಾಗ ನಿಂತು ಕೇಳಿದವರ ಹೆಸರು ಎಲ್ಲೂ ಇಲ್ಲ. ಪುರಾಣಗಳಲ್ಲಾದರೂ ಹೇಳುವ ಮುನಿಗೆ ಕೇಳುವ ರಾಜನೊಬ್ಬ ಇರುತ್ತಾನೆ. ಉಳಿದವರೆಲ್ಲ ಕೇಳಿದರು, ಎದ್ದರು, ಮನೆಗೆ ಹೋದರು, ಸತ್ತರು. ಕೇಳಿದ್ದಕ್ಕೆ ದಾಖಲೆ ಇಲ್ಲ. ಇದನ್ನು ತರಗತಿಯಲ್ಲಿ ಒಮ್ಮೆ ಹೇಳಿದೆ, ಆಗ ಹಿಂದಿನ ಬೆಂಚಿನವರು ಮಲಗಿದ್ದರು.

ಆ ಮಹಾ ಮಾತುಗಾರನ ಹೆಸರು ಪಾಪಣ್ಣ. ಮೊದಲು ಅವನು ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿದ್ದ. ಏಜೆಂಟ ಎಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಬಸ್ಸಿನ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗುವುದು, ಅಷ್ಟೇ. ಬೇರೆ ಏಜೆಂಟರು ಹುಣಸೂರು, ಮೈಸೂರು ಎಂದು ಗಂಟಲು ಹರಿದುಕೊಂಡರೆ ಪಾಪಣ್ಣ ಊರನ್ನು ಕೂಗುತ್ತಲೇ ಇರಲಿಲ್ಲ, ನೇರವಾಗಿ ಜನರನ್ನು ಕೂಗುತ್ತಿದ್ದ. "ಹಾರ್ನಳ್ಳಿ ಪುಟ್ಟಸ್ವಾಮಣ್ಣ, ಟೀ ಆಮೇಲ್ ಕುಡೀವಂತೆ, ಬಾ, ಸೀಟದೆ" ಎನ್ನುತ್ತಿದ್ದ. ಪುಟ್ಟಸ್ವಾಮಣ್ಣನಿಗೆ ಆವತ್ತು ಬಸ್ಸು ಹತ್ತುವ ಯೋಚನೆ ಇರುತ್ತಿತ್ತೋ ಇಲ್ಲವೋ, ಹೆಸರು ಹಿಡಿದು ಕರೆದ ಮೇಲೆ ಬರದಿರುವುದು ಹೇಗೆ ಎಂದು ಬಂದು ಕೂರುತ್ತಿದ್ದ. ತಾಲೂಕಿನ ಎಲ್ಲ ಊರಿನ ಎಲ್ಲ ಗಂಡಸರ ಹೆಸರೂ ಪಾಪಣ್ಣನ ಬಾಯಲ್ಲಿತ್ತು. ಗಂಡಸರ ಎಂಬ ಮಾತನ್ನು ಗಮನಿಸಿ. ಆಗ ನಾವು ಗಮನಿಸಿರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಊರಿಗೆ ಕೇಬಲ್ ಬಂತು. ತಂದವನು ರವಿ ಎಂಬ ಹುಡುಗಾಟದ ಯುವಕ. ಹುಣಸೆಮರ, ಲೈಟು ಕಂಬ, ಯಾವುದನ್ನೂ ಬಿಡದೆ ವೈರು ಎಳೆದು ಕಂಪಲಾಪುರದವರೆಗೂ ಮುಟ್ಟಿಸಿದ್ದ. ದಿನಾ ರಾತ್ರಿ ಒಂದು ಸಿನಿಮಾ ಹಾಕುತ್ತಿದ್ದ. ಸಿನಿಮಾ ಮುಗಿದ ಮೇಲೂ ಜನ ಟೀವಿ ಆರಿಸುತ್ತಿಲ್ಲ ಎಂದು ತಿಳಿದಾಗ ಅವನಿಗೆ ಸ್ವಂತ ಕಾರ್ಯಕ್ರಮದ ಆಸೆ ಹುಟ್ಟಿತು. ಬಸ್ ನಿಲ್ದಾಣದಿಂದ ಪಾಪಣ್ಣನನ್ನು ಕರೆದುಕೊಂಡು ಬಂದ. ನೀಲಿ ಸೀರೆಯೊಂದನ್ನು ಗೋಡೆಗೆ ಬಿಗಿದು, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ, ಮದುವೆ ವೀಡಿಯೋ ತೆಗೆಯುವ ಕ್ಯಾಮರಾ ನಿಲ್ಲಿಸಿ, "ಮಾತಾಡಣ್ಣ" ಎಂದ. ಕಾರ್ಯಕ್ರಮಕ್ಕೆ 'ರಾತ್ರಿ ಮಾತು' ಎಂದು ಹೆಸರಿಟ್ಟಿದ್ದ.

ಪಾಪಣ್ಣನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಇಡೀ ಬಸ್ ನಿಲ್ದಾಣವನ್ನು ಆಡಿಸುತ್ತಿದ್ದವನು ಕ್ಯಾಮರಾದ ಗಾಜು ನೋಡಿಕೊಂಡು ಬೆವರಿದ. ನಮ್ಮ ಮನೆ ಇದ್ದದ್ದು ಆ ಕೇಬಲ್ ಆಫೀಸಿನ ಮಹಡಿಯ ಮೇಲೆ. ಇಷ್ಟು ಹೊತ್ತಿನಲ್ಲಿ ಏನು ಕುರ್ಚಿ ಎಳೆದಾಟ ಎಂದು ಜಗಳ ತೆಗೆಯಲು ನಾನು ಇಳಿದು ಬಂದೆ. ಪಾಪಣ್ಣ ನನ್ನನ್ನು ಕಂಡವನೇ ಕೈ ಹಿಡಿದುಕೊಂಡ.

"ಮೇಷ್ಟ್ರೆ, ಪಕ್ಕದಲ್ ಕೂತ್ಕಳಿ. ನೀವೇನೂ ಮಾತಾಡ್ಬೇಡಿ. ಹೂಂ ಅನ್ನಿ ಸಾಕು. ಹೂಂ ಅನ್ನೋರು ಒಬ್ರು ಇದ್ರೆ ಮಾತು ಬತ್ತದೆ ಕಣ್ರೀ, ಇಲ್ದಿದ್ರೆ ಗೋಡೆ ಮುಂದೆ ನಿಂತಂಗಾಯ್ತದೆ."

ಜಗಳಕ್ಕೆ ಬಂದವನು ಹೂಂ ಅಂದೆ. ಅಲ್ಲಿಂದ ಶುರುವಾದದ್ದು ಹಲವು ಮಳೆಗಾಲ ನಡೆಯಿತು.

ಅತಿಥಿಗಳೂ ಬರುತ್ತಿದ್ದರು. ಹಾವು ಹಿಡಿಯುವವರು, ನಾಟಕ ಕಲಿಸುವವರು, ಮೂಳೆ ಕಟ್ಟುವವರು, ಚುನಾವಣೆಯಲ್ಲಿ ಸೋತವರು. ಗೆದ್ದವರು ಯಾರೂ ಬರಲಿಲ್ಲ. ಯಾರೂ ಸಿಗದ ದಿನ ನಾನೇ ಅತಿಥಿ. ಆನೆಯ ಬಗ್ಗೆ, ಗ್ರಹಣದ ಬಗ್ಗೆ, ಒಮ್ಮೆ ಹಸುವಿನ ಕೆಚ್ಚಲು ಬಾವಿನ ಬಗ್ಗೆ ಕೂಡ ನಾನು ತಜ್ಞನಾಗಿ ಕೂತಿದ್ದೇನೆ. ಪಾಪಣ್ಣ ಪ್ರಶ್ನೆ ಕೇಳಿ ಉತ್ತರವನ್ನೂ ತಾನೇ ಹೇಳುತ್ತಿದ್ದ. ನಾನು ಹೂಂ ಅಂದರೆ ತಜ್ಞರು ಒಪ್ಪಿದ ಹಾಗೆ ಆಗುತ್ತಿತ್ತು.

ಒಂಬತ್ತು ಗಂಟೆಗೆ ದೀಪ ಆರಿಸುವ ಹಳ್ಳಿಗಳಲ್ಲಿ ಸರಿರಾತ್ರಿಯ ಮಾತನ್ನು ಯಾರು ನೋಡುತ್ತಿದ್ದರು ಎಂದು ನಿಮಗೆ ಅನುಮಾನ ಬರಬಹುದು. ನಮ್ಮದು ಹೊಗೆಸೊಪ್ಪಿನ ಸೀಮೆ. ಸೊಪ್ಪು ಕಿತ್ತ ಮೇಲೆ ಅದನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರದ ಕೋಣೆಯೊಳಗೆ ತೂಗುಬಿಟ್ಟು, ಕೆಳಗಿನ ಒಲೆಗೆ ಸೌದೆ ಒಟ್ಟಿ ಬೇಯಿಸಬೇಕು. ಹಚ್ಚಿದ ಬೆಂಕಿ ಐದಾರು ದಿನ ಹಗಲೂ ರಾತ್ರಿ ಒಂದೇ ಹದದಲ್ಲಿರಬೇಕು. ಕಾವು ಇಳಿದರೆ ಸೊಪ್ಪು ಕಪ್ಪಾಗುತ್ತದೆ, ಏರಿದರೆ ಸೀದುಹೋಗುತ್ತದೆ, ಒಣಗಿದ ಎಲೆಯೊಂದು ಒಲೆಯ ಬಿಸಿ ಒಯ್ಯುವ ಕಾದ ಪೈಪಿನ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಂಡು ಉರಿಯುತ್ತದೆ. ಆದ್ದರಿಂದ ಮನೆಗೊಬ್ಬರು ಒಲೆಯ ಮುಂದೆ ಎಚ್ಚರವಾಗಿ ಕೂರಲೇಬೇಕು. ನಿದ್ದೆ ಬರದಿರಲಿ ಎಂದು ಜನ ಟೀವಿಯನ್ನೇ ಬ್ಯಾರನ್ನಿನ ಚಪ್ಪರಕ್ಕೆ ಸಾಗಿಸಿ ವೈರು ಎಳೆದುಕೊಂಡಿದ್ದರು. ಮಳೆಗಾಲದಿಂದ ದೀಪಾವಳಿಯವರೆಗೆ ನಮ್ಮ ತಾಲೂಕಿನಲ್ಲಿ ಎಚ್ಚರವಿದ್ದವರು ನಾಯಿಗಳು, ಬ್ಯಾರನ್ ಕಾಯುವವರು, ಮತ್ತು ನಾವಿಬ್ಬರು. ಬೇಸಿಗೆಯಲ್ಲಿ ನಾವು ಬರೀ ನಾಯಿಗಳಿಗೆ ಮಾತಾಡುತ್ತಿದ್ದೆವು.

ಪಾಪಣ್ಣ ಅವರನ್ನೂ ಬಸ್ಸಿಗೆ ಕರೆದ ಹಾಗೆಯೇ ಕರೆಯತೊಡಗಿದ. ಮಾತಿನ ನಡುವೆ ತಟ್ಟನೆ ನಿಲ್ಲಿಸಿ, ಕ್ಯಾಮರಾದ ಕಡೆ ಬಗ್ಗಿ, "ಕಂಪಲಾಪುರದ ಸಣ್ಣೇಗೌಡ್ರೆ, ಎದ್ದಿದ್ದೀರಾ?" ಎನ್ನುತ್ತಿದ್ದ. ನಾನು ಈ ಕಡೆಯಿಂದ "ಹೂಂ" ಅನ್ನುತ್ತಿದ್ದೆ. "ಅಂಗಾರೆ ಎರಡು ಸೌದೆ ತಳ್ಳಿ ಬನ್ನಿ, ನಾನು ಕಾಯ್ತೀನಿ" ಎಂದು ಅವನು ನಿಜವಾಗಿಯೂ ಸುಮ್ಮನೆ ಕಾಯುತ್ತಿದ್ದ. ಟೀವಿಯಲ್ಲಿ ಯಾರಾದರೂ ಸುಮ್ಮನೆ ಕಾದದ್ದನ್ನು ನೀವು ನೋಡಿದ್ದೀರಾ? ಆಮೇಲೆ ಮುಂದಿನ ಊರು, ಮುಂದಿನ ಹೆಸರು, ಮತ್ತೆ ನನ್ನ ಹೂಂ. ಆ ಹೂಂ ಯಾರ ಪರವಾಗಿ ಅನ್ನುತ್ತಿದ್ದೇನೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ.

ಪಾಪಣ್ಣ ಪ್ರಸಿದ್ಧನಾದ. ಸಂತೆಯಲ್ಲಿ ಜನ ಅವನ ತರಕಾರಿ ಚೀಲ ಹಿಡಿದುಕೊಳ್ಳುತ್ತಿದ್ದರು. ಕೆ.ಆರ್.ನಗರದಿಂದಲೂ ಮದುವೆಗೆ ಕರೆ ಬರುತ್ತಿತ್ತು, ಅಲ್ಲಿಗೆ ಕೇಬಲ್ ಮುಟ್ಟದಿದ್ದರೂ. ತಮ್ಮ ಹೆಸರು ಟೀವಿಯಲ್ಲಿ ಬಂತು ಎಂದು ಮುದುಕರೊಬ್ಬರು ಬಾಳೆಗೊನೆ ತಂದುಕೊಟ್ಟರು. ನನ್ನನ್ನು ನೋಡಿದ ಮಕ್ಕಳು ಬೀದಿಯಲ್ಲಿ ಹೂಂ ಹೂಂ ಎಂದು ಓಡಿಹೋಗುತ್ತಿದ್ದವು. ಅವನು ಬಸ್ಸಿನ ಕೆಲಸ ಬಿಟ್ಟ. ಅದು ಬಿಡಬಾರದಾಗಿತ್ತು ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಿದ್ದರೂ ನಾನು ಹೂಂ ಎಂದೇ ಅನ್ನುತ್ತಿದ್ದೆ.

ಒಂದು ವರ್ಷ, ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಆನೆಗಳ ಚಿತ್ರ ತೆಗೆಯಲು ಹೋಗಿದ್ದ ಬೆಂಗಳೂರಿನ ಒಂದು ಚಾನೆಲ್ಲಿನವರು ನಮ್ಮೂರಿನ ಲಾಡ್ಜಿನಲ್ಲಿ ತಂಗಿದರು. ಪಾಪಣ್ಣನನ್ನು ಟೀವಿಯಲ್ಲಿ ನೋಡಿ ಬೆರಗಾದರು, ಕ್ಯಾಮರಾ ಪರೀಕ್ಷೆಗೆ ಬೆಂಗಳೂರಿಗೆ ಕರೆದರು. ಬ್ಯಾರನ್ನುಗಳ ಕಾಲ ಜೋರಾಗಿ ನಡೆಯುತ್ತಿತ್ತು. ಒಂದೆರಡು ರಾತ್ರಿ ಕಾರ್ಯಕ್ರಮ ನಿಲ್ಲಿಸಿ ನಾವಿಬ್ಬರೂ ಹೋದೆವು. ಅಲ್ಲಿನ ಸ್ಟುಡಿಯೋ ತಣ್ಣಗೆ ಕೊರೆಯುತ್ತಿತ್ತು. ಪಾಪಣ್ಣನ ಮುಖಕ್ಕೆ ಪೌಡರು ಹಚ್ಚಿ ದೊಡ್ಡ ಸೋಫಾದ ಮೇಲೆ ಕೂರಿಸಿದರು. ಅವನು ಬಾಯಿ ತೆರೆದ, ನಾನು ಹೂಂ ಅಂದೆ. ಕಿವಿಗೆ ಬಟ್ಟಲಿನಂಥದ್ದು ಹಾಕಿಕೊಂಡ ಒಬ್ಬ ಹುಡುಗ ಓಡಿಬಂದು, "ಸಾರ್, ಆ ಶಬ್ದ ಬೇಡ, ನೀವು ಹೊರಗೆ ಇರಿ" ಎಂದ. ಗಾಜಿನ ಬಾಗಿಲಿನ ಹೊರಗಿನಿಂದ ನಾನು ನೋಡುತ್ತಿದ್ದೆ. ಪಾಪಣ್ಣ ಒಂದು ವಾಕ್ಯ ಹೇಳಿದ, ನಿಲ್ಲಿಸಿದ, ನನ್ನ ಕಡೆ ತಿರುಗಿದ. ಇನ್ನೊಂದು ಹೇಳಿದ, ಮತ್ತೆ ತಿರುಗಿದ. ಆಮೇಲೆ ಹೇಳಲೇ ಇಲ್ಲ. ಗಾಜಿನ ಈಚೆ ನಿಂತು ನಾನು ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದದ್ದು ಅವನಿಗೆ ಕಾಣಿಸಿತೋ ಇಲ್ಲವೋ. ವಾಪಸು ಬರುವಾಗ ಬಸ್ಸು ಹುಣಸೂರು ದಾಟಿದ ಮೇಲೆ ಅವನು ಬಾಯಿ ಬಿಟ್ಟ.

"ನಮ್ಗೆ ನಮ್ಮ ಜನ ಸಾಕು ಬುಡಿ ಮೇಷ್ಟ್ರೆ" ಎಂದ. "ಅಲ್ಲಿ ಯಾರ್ಗೆ ಮಾತಾಡ್ತಿದೀನಿ ಅಂತ್ಲೇ ಗೊತ್ತಾಗ್ನಿಲ್ಲ. ಇಲ್ಲಿ ಯಾರು ಎದ್ದವ್ರೆ, ಯಾರು ಮನಗವ್ರೆ, ಒಬ್ಬೊಬ್ರೂ ಗೊತ್ತು ನಂಗೆ."

ಅದೇ ರಾತ್ರಿ ಅವನು ಕುರ್ಚಿಯಲ್ಲಿ ಕೂತ. ಸೋತು ಬಂದ ಮನುಷ್ಯ ತನ್ನವರ ನಡುವೆ ಕೂತಾಗ ಹೇಗೆ ಬಿಡುಬೀಸಾಗುತ್ತಾನೋ ಹಾಗೆ ಇದ್ದ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ. ನಡುವೆ ನಿಲ್ಲಿಸಿ, ಕ್ಯಾಮರಾದ ಕಡೆ ಬಗ್ಗಿ, ಪ್ರೀತಿಯಿಂದ ಕರೆದ. "ಕಂಪಲಾಪುರದ ಸಣ್ಣೇಗೌಡ್ರೆ, ನಾನಿಲ್ಲ ಅಂತ ನಿದ್ದೆ ಹೊಡೆದುಬುಟ್ರಾ? ಎದ್ದಿದ್ದೀರಾ?"

ನಾನು ಹೂಂ ಅಂದೆ.

ಬೆಳಗ್ಗೆ ರವಿ ಬಂದು ಹೇಳಿದ, ನಾವು ಬೆಂಗಳೂರಿಗೆ ಹೋದ ದಿನವೇ ಸಣ್ಣೇಗೌಡರು ತೀರಿಕೊಂಡಿದ್ದರಂತೆ. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣು ಮಾಡಿದ್ದೂ ಆಗಿತ್ತು. ಆ ಮನೆಯವರು ಕೂತಿದ್ದ ಕಡೆಗೆ ನಾವು ಅವರ ಹೆಸರು ಹಿಡಿದು ಕರೆದಿದ್ದೆವು, ಸತ್ತವರ ಪರವಾಗಿ ನಾನು ಹೂಂ ಅಂದಿದ್ದೆ.

ತಪ್ಪಾಯ್ತು ಎಂದು ಹೇಳಲು ಇಬ್ಬರೂ ಹೋದೆವು. ಮನೆಯ ಮುಂದೆ ನೆಂಟರು ತುಂಬಿದ್ದರು. ಸಣ್ಣೇಗೌಡರ ಹೆಂಡತಿ ದೊಡ್ಡತಾಯಮ್ಮ ಅಲ್ಲಿರಲಿಲ್ಲ, ಹಿಂದುಗಡೆ ಬ್ಯಾರನ್ನಿನ ಒಲೆಯ ಮುಂದೆ ಕೂತಿದ್ದರು. ಗಂಡ ಸತ್ತ ಎಂದು ಸೊಪ್ಪು ಕಾಯುವುದಿಲ್ಲ, ಹಚ್ಚಿದ ಒಲೆಯನ್ನು ನಡುವೆ ಆರಿಸುವಂತಿಲ್ಲ. ಅಳುವವರ ನಡುವೆ ಕೂರುವುದಕ್ಕಿಂತ ಅದೇ ವಾಸಿ ಎಂದು ಅವರಿಗೆ ಅನ್ನಿಸಿರಲೂಬಹುದು. ಪಾಪಣ್ಣ ಅವರ ಮುಂದೆ ನೆಲದ ಮೇಲೆ ಕೂತು ಕೈ ಮುಗಿದ.

"ಗೊತ್ತಿರ್ನಿಲ್ಲ ಕಣವ್ವ. ಊರಲ್ಲಿರ್ನಿಲ್ಲ. ಗೌಡ್ರು ಎದ್ದಿರ್ತಾರೆ ಅಂತ ಕರ್ದೆ."

ದೊಡ್ಡತಾಯಮ್ಮ ಸೌದೆಯೊಂದನ್ನು ಒಲೆಗೆ ತಳ್ಳಿ, ಕೈ ಒರೆಸಿಕೊಂಡು ಹೇಳಿದರು. "ಅವ್ರು ಯಾವತ್ತು ಎದ್ದಿದ್ರು ಹೇಳಿ."

ನಮಗೆ ಅರ್ಥವಾಗಲಿಲ್ಲ.

"ಸಿನಿಮಾ ಮುಗಿಯಗಂಟ ಕೂತಿರೋರು. ನೀವು ಬರೋ ಒತ್ಗೆ ಆ ಮಂಚದ ಮ್ಯಾಲೆ ಗೊರಕೆ. ಬೆಂಕಿ ಆಕ್ತಿದ್ದೋಳು ನಾನು. ಈ ಸಾಲ್ನಾಗೆ ಎಲ್ಲಾ ಬ್ಯಾರನ್ ತಾವೂ ಎಂಗಸ್ರೇ ಕಣಪ್ಪ. ಗಂಡಸ್ರು ಬೆಳಿಗ್ಗೆ ಎದ್ದು ಸೊಪ್ಪು ನೋಡ್ತಾರೆ."

ಅದರಲ್ಲಿ ದೂರು ಇರಲಿಲ್ಲ, ಅಳುವೂ ಇರಲಿಲ್ಲ. ಪಾಪಣ್ಣ ಮುಗಿದ ಕೈ ಇಳಿಸಿದ. ಒಬ್ಬೊಬ್ಬರೂ ಗೊತ್ತು ಎಂದು ಹಿಂದಿನ ದಿನ ಬಸ್ಸಿನಲ್ಲಿ ಹೇಳಿದ್ದವನು ಅವನು. ಬೆಂಗಳೂರಿನವರು ಅವನನ್ನು ಬೇಡ ಅಂದಾಗ ಅವನ ಮುಖ ಇಷ್ಟು ಬಿದ್ದಿರಲಿಲ್ಲ. ವರ್ಷಗಟ್ಟಲೆ ಅವನು ಮಲಗಿದ್ದವರನ್ನು ಎದ್ದಿದ್ದೀರಾ ಎಂದು ಕೇಳಿದ್ದ, ಎದ್ದಿದ್ದವರ ಹೆಸರು ಅವನಿಗೆ ಗೊತ್ತಿರಲಿಲ್ಲ. ನನಗೆ ಶಾಸನಗಳ ನೆನಪು ಬಂತು, ಅದರಿಂದ ಯಾರಿಗೂ ಪ್ರಯೋಜನವಾಗಲಿಲ್ಲ.

ಆ ರಾತ್ರಿಯಿಂದ ಅವನು ಗಂಡಸರ ಹೆಸರು ಕರೆಯುವುದನ್ನು ಬಿಟ್ಟ. ಹೆಂಗಸರ ಹೆಸರು ಹಿಡಿದು ಕರೆಯುವಂತಿರಲಿಲ್ಲ, ಕಾಲ ಅಂಥದ್ದು. "ಬ್ಯಾರನ್ ತಾವ ಇರೋ ತಾಯಂದಿರಾ, ಎದ್ದಿದ್ದೀರಾ?" ಎಂದು ಊರೂರಿನ ಹೆಸರು ಹೇಳಿ ಕೇಳತೊಡಗಿದ. ನಾನು ಹೂಂ ಅನ್ನುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ಗಂಡಸರು ಗುಂಪುಗಟ್ಟಿ ರವಿಯ ಆಫೀಸಿಗೆ ಬಂದರು. ಅವರಲ್ಲಿ ಬಾಳೆಗೊನೆ ತಂದುಕೊಟ್ಟ ಮುದುಕರೂ ಇದ್ದರು.

"ರಾತ್ರಿ ಒತ್ನಲ್ಲಿ ಕಂಡೋರ ಮನೆ ಎಂಗಸ್ರ ಎದ್ದಿದ್ದೀರಾ ಅಂತ ಕೇಳಾದು ಯಾವ ಮರ್ಯಾದೆಲಾ?" ಎಂದು ಒಬ್ಬರು ಕೇಳಿದರು.

ಇನ್ನೊಬ್ಬರು, "ನಮ್ಮ ಮನೇಲಿ ರಾತ್ರಿ ಎದ್ದಿರೋನು ನಾನು" ಎಂದರು. ಎಲ್ಲರೂ ಅದನ್ನೇ ಹೇಳಿದರು. ಮಲಗಿದ್ದವರಿಗೆ ಇದೆಲ್ಲ ಕೇಳಿಸಿದ್ದು ಹೇಗೆ ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಗುಂಪಿನ ಮುಂದೆ ಚರಿತ್ರೆಯ ಮೇಷ್ಟ್ರುಗಳು ಸಾಮಾನ್ಯವಾಗಿ ಕೇಳುವುದಿಲ್ಲ. ವೈರು ಕಿತ್ತುಹಾಕುತ್ತೇವೆ ಎಂದು ಹೇಳಿ ಅವರು ಹೋದರು.

ರವಿ ಕೆಟ್ಟವನಲ್ಲ. ಅವನಿಗೂ ಪಾಪಣ್ಣನನ್ನು ಕಳಿಸಲು ಮನಸ್ಸಿರಲಿಲ್ಲ. "ಅಣ್ಣ, ಎಂಗಸ್ರು ಕೇಳ್ತಾರೆ ಅಂತೀಯಲ್ಲ. ಇವತ್ತು ಅವ್ರನ್ನೇ ಕೇಳು. ಒಬ್ರು, ಒಬ್ರೇ ಒಬ್ರು ಬೇಕು ಅನ್ಲಿ, ಯಾರು ಬಂದ್ರೂ ನಾನು ನಡೆಸ್ತೀನಿ" ಎಂದ. ಆಫೀಸಿನ ಫೋನನ್ನು ತಂದು ಮೇಜಿನ ಮೇಲೆ ಇಟ್ಟ. ಅದರ ನಂಬರನ್ನು ಪರದೆಯ ಕೆಳಗೆ ಬರುವ ಹಾಗೆ ಮಾಡಿದ. ಪಾಪಣ್ಣ ನನ್ನ ಕಡೆ ತಿರುಗಿ, "ಇವತ್ತು ನೀವು ಹೂಂ ಅನ್ಬೇಡಿ ಮೇಷ್ಟ್ರೆ. ಅವ್ರೇ ಹೇಳ್ಲಿ" ಎಂದ. ನಾನು ಅದಕ್ಕೆ ಹೂಂ ಅಂದು ಬಾಯಿ ಮುಚ್ಚಿದೆ.

ಅವತ್ತು ಅವನು ಹೆಚ್ಚು ಮಾತಾಡಲಿಲ್ಲ. ಕ್ಯಾಮರಾದ ಕಡೆ ಬಗ್ಗಿ ಇಷ್ಟೇ ಕೇಳಿದ. "ತಾಯಂದಿರಾ, ಇಷ್ಟು ವರ್ಷ ನಿಮ್ಮನ್ನ ಕೇಳ್ದೆ ಮಾತಾಡ್ದೆ. ತೆಪ್ಪಾಯ್ತು. ನಾನು ಮಾತಾಡಾದು ನಿಮ್ಗೆ ಬೇಕಾ? ಬೇಕಾದ್ರೆ ಹೇಳಿ. ಕಾಯ್ತೀನಿ."

ಕಾದ. ಫೋನು ಸುಮ್ಮನೆ ಕೂತಿತ್ತು. ದೀಪದ ಸುತ್ತ ಹುಳಗಳು ಸುತ್ತುತ್ತಿದ್ದವು. ಪಾಪಣ್ಣನ ಕಣ್ಣು ಒಂದು ಸಲ ಫೋನಿನ ಮೇಲೆ, ಒಂದು ಸಲ ಕ್ಯಾಮರಾದ ಮೇಲೆ. ನನ್ನ ಗಂಟಲಿಗೆ ಹೂಂ ಬಂದು ನಿಂತಿತ್ತು, ನುಂಗಿಕೊಂಡೆ. ಬ್ಯಾರನ್ನಿನ ಚಪ್ಪರದಲ್ಲಿ ಫೋನು ಎಲ್ಲಿರುತ್ತದೆ, ಪರದೆಯ ಕೆಳಗಿನ ಅಂಕಿಗಳನ್ನು ಅವರಲ್ಲಿ ಎಷ್ಟು ಜನ ಓದುತ್ತಾರೆ ಎಂಬ ಸಣ್ಣ ಯೋಚನೆ ನಮ್ಮ ಮೂವರಲ್ಲಿ ಯಾರಿಗೂ ಬರಲಿಲ್ಲ. ಯೋಚನೆ ಮಾಡಲು ನನಗೆ ಸರ್ಕಾರ ಸಂಬಳ ಕೊಡುತ್ತಿತ್ತು. ಬಹಳ ಹೊತ್ತಾದ ಮೇಲೆ ಪಾಪಣ್ಣ ಎದ್ದ. ಖಾಲಿ ಕುರ್ಚಿಯನ್ನು ಕ್ಯಾಮರಾ ತೋರಿಸುತ್ತಲೇ ಇತ್ತು. ರವಿ ಏನು ಮಾಡುವುದೆಂದು ತೋಚದೆ ಯಾವುದೋ ಸಿನಿಮಾದ ಹಾಡುಗಳನ್ನು ಹಾಕಿದ.

ಪಾಪಣ್ಣ ಮತ್ತೆ ಆ ಆಫೀಸಿನ ಮೆಟ್ಟಿಲು ಹತ್ತಲಿಲ್ಲ. ಬಸ್ ನಿಲ್ದಾಣದಲ್ಲಿ ಅಷ್ಟರೊಳಗೆ ಬೇರೆ ಏಜೆಂಟರು ಬಂದಿದ್ದರು. ಅಲ್ಲೇ ಮೂಲೆಯಲ್ಲಿ ಒಂದು ಗೂಡಂಗಡಿ ಹಾಕಿದ, ಮೊಬೈಲು ಬಂದ ಮೇಲೆ ಅದರಲ್ಲಿ ಕರೆನ್ಸಿ ಹಾಕುವುದನ್ನು ಕಲಿತ. ಗಿರಾಕಿ ನಂಬರು ಹೇಳುತ್ತಾನೆ, ಇವನು ಒತ್ತುತ್ತಾನೆ. ಮಾತಿನ ಅಗತ್ಯವೇ ಬೀಳದ ವ್ಯಾಪಾರ. ನನಗೆ ವರ್ಗವಾಯಿತು, ಆಮೇಲೆ ನಿವೃತ್ತಿ. ಈಗ ಮೈಸೂರಿನಲ್ಲಿ ಕೂತು ಟೀವಿ ನೋಡುತ್ತೇನೆ. ರಾತ್ರಿಯೆಲ್ಲ ನಾಲ್ಕು ಜನ ಒಟ್ಟಿಗೆ ಕೂಗಾಡುತ್ತಾರೆ, ಒಬ್ಬರೂ ಹೂಂ ಅನ್ನುವುದಿಲ್ಲ. ನೋಡುತ್ತಾ ನೋಡುತ್ತಾ ಒಂದು ಥರ ಜೀವ ಬೇಸರವಾಗುತ್ತದೆ. ಮನುಷ್ಯರು ಮಾತಾಡಿದ್ದು ಎಲ್ಲಿಗಾದರೂ ಹೋಗಿ ಮುಟ್ಟುತ್ತದೆಯೆ? ನನಗೆ ಆ ನಂಬಿಕೆ ಹೋಗಿಬಿಟ್ಟಿದೆ. ಆದರೂ ಬರೆಯುತ್ತಿದ್ದೇನೆ, ನೀವು ಹೂಂ ಅನ್ನುತ್ತಿದ್ದೀರೋ ಇಲ್ಲವೋ ಗೊತ್ತಿಲ್ಲ.

ಮೊನ್ನೆ ಹಳೆಯ ವಿದ್ಯಾರ್ಥಿಯ ಮಗಳ ಮದುವೆಗೆಂದು ಕಂಪಲಾಪುರಕ್ಕೆ ಹೋಗಿದ್ದೆ. ಊಟದ ಸರದಿಗೆ ಕಾಯುತ್ತಾ ಪಕ್ಕದವರ ಮಾತಿಗೆ ಸುಮ್ಮನೆ ಹೂಂ ಅಂದೆ. ಹಿಂದಿನ ಸಾಲಿನಲ್ಲಿದ್ದ ಹಣ್ಣು ಮುದುಕಿಯೊಬ್ಬರು ಬಗ್ಗಿ ನನ್ನ ಮುಖ ನೋಡಿದರು.

"ಟೀವಿ ಮೇಷ್ಟ್ರಲ್ವಾ ನೀವು?"

ದೊಡ್ಡತಾಯಮ್ಮ. ಗುರುತು ಸಿಕ್ಕಿತು. ಪಾಪಣ್ಣನನ್ನು ವಿಚಾರಿಸಿದರು. ಅಂಗಡಿ ಇಟ್ಟುಕೊಂಡಿದ್ದಾನೆ ಎಂದೆ. ಅವರು ಸೆರಗಿನ ಅಂಚು ತಿರುವುತ್ತಾ, ಬಹಳ ದಿನದಿಂದ ಕೇಳಬೇಕು ಎಂದುಕೊಂಡದ್ದನ್ನು ಕೇಳಿದರು.

"ಅವತ್ತು ಕೇಳುದ್ರಲ್ಲ, ನಾನು ಬೇಕಾ ಅಂತ. ನಾವೆಲ್ಲ ಹೂಂ ಅಂದೋ ಕಣಪ್ಪ. ನಾನು ಅಂದೆ, ಆಚೆ ಬ್ಯಾರನ್ ತಾವಿದ್ದ ನಮ್ಮೋರಗಿತ್ತಿ ಅಂದ್ಲು, ಅದರಾಚೆಯೋಳೂ ಗಟ್ಟಿಯಾಗೇ ಅಂದ್ಲು. ಆದ್ರೂ ಎದ್ದೋಗ್ಬುಟ್ರಲ್ಲ. ಯಾಕೆ, ಕೇಳಿಸ್ನಿಲ್ವಾ?"

ಟೀವಿಗೆ ಕೇಳಿಸುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರೇ ಮುಂದುವರಿಸಿದರು.

"ಅದಕ್ ಮುಂಚೆ ದಿನಾಲೂ ಕೇಳಿಸ್ತಿತ್ತಲ್ಲ. ಎದ್ದಿದ್ದೀರಾ ಅನ್ನೋರು, ನಾವು ಇಲ್ಲಿ ಹೂಂ ಅಂದ್ರೆ ಅಲ್ಲಿ ಟೀವೀಲೂ ಹೂಂ ಅಂತ ಬರಾದು. ಅವತ್ತೊಂದಿನ ಬರ್ನಿಲ್ಲ. ವೈರು ಎಲ್ಲೋ ಕಿತ್ತೋಗದೆ ಅಂದ್ಕಂಡೆ. ಇನ್ನೊಂದು ಗಳಿಗೆ ಕಾದಿದ್ರೆ ಸರಿಯಾಗ್ತಿತ್ತೇನೋ."

ಊಟಕ್ಕೆ ಕರೆದರು. ನಾನು ಊಟ ಮಾಡಲಿಲ್ಲ. ಪಿರಿಯಾಪಟ್ಟಣದ ಬಸ್ಸು ಹತ್ತಿ ನಿಲ್ದಾಣದಲ್ಲಿ ಇಳಿದೆ. ಪಾಪಣ್ಣನ ತಲೆ ಪೂರ್ತಿ ಬೆಳ್ಳಗಾಗಿತ್ತು. ಯಾರೋ ಹುಡುಗಿ ನಂಬರು ಹೇಳುತ್ತಿದ್ದಳು, ಒತ್ತಿ ಮುಗಿಸಿ ನನ್ನನ್ನು ನೋಡಿ ಸ್ಟೂಲು ಎಳೆದುಕೊಟ್ಟ. ನಾನು ಕೂರುವ ಮೊದಲೇ ಹೇಳಿಬಿಟ್ಟೆ. ದೊಡ್ಡತಾಯಮ್ಮ ಅಂದದ್ದು, ಓರಗಿತ್ತಿ ಅಂದದ್ದು, ಅದರಾಚೆಯವಳು ಗಟ್ಟಿಯಾಗಿ ಅಂದದ್ದು, ಸಾಲಿಗೆ ಸಾಲೇ ಅಂದದ್ದು, ಎಲ್ಲ.

ಅವನು ಮೊಬೈಲನ್ನು ಕೆಳಗಿಟ್ಟ. ಗಿರಾಕಿಯೊಬ್ಬ ಬಂದು ನಿಂತ, ಇವನು ನೋಡಲಿಲ್ಲ, ಅವನು ಬೇರೆ ಅಂಗಡಿಗೆ ಹೋದ.

"ಎಲ್ರೂವಾ?" ಎಂದ.

"ಎಲ್ಲರೂ."

ಪಾಪಣ್ಣ ನನ್ನ ಮುಖವನ್ನೇ ನೋಡಿದ. ಹಿಂದೆ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ನೋಡುತ್ತಿದ್ದನಲ್ಲ, ಹಾಗೆ.

"ಅಂಗಾರೆ ನಾನ್ಯಾಕೆ ಎದ್ ಬಂದೆ ಮೇಷ್ಟ್ರೆ?"

ಅವನ ಯಾವ ಮಾತಿಗೂ ನಾನು ತಡಮಾಡಿದವನಲ್ಲ. ಆದರೆ ಇದಕ್ಕೆ ಹೂಂ ಅನ್ನಲು ಬರುವುದಿಲ್ಲ, ಉಹೂಂ ಅನ್ನಲೂ ಬರುವುದಿಲ್ಲ. ಬೇರೆ ಏನಾದರೂ ಹೇಳಬೇಕು, ಅದಕ್ಕೆ ಅವನು ಕಾಯುತ್ತಿದ್ದ. ಇಷ್ಟು ವಯಸ್ಸಾದರೂ ನಾನು ಹೂಂ ಒಂದನ್ನು ಬಿಟ್ಟು ಇನ್ನೇನೂ ಕಲಿಯಲಿಲ್ಲವಲ್ಲ ಎಂದುಕೊಳ್ಳುತ್ತಾ ಆ ಸ್ಟೂಲಿನ ಮೇಲೆ ಕೂತೇ ಇದ್ದೆ.